ಸೇದಿದ ನೀರು, ಸುರಿದ ನೀರು: ಬದುಕಿನ ಋತುಗಳಲ್ಲಿ ಕ್ರೈಸ್ತ ಪ್ರಾರ್ಥನೆ



ಈ ಉಪನ್ಯಾಸಕ್ಕೆ ಕರೆದವರು ವಿಷಯವನ್ನು ನನ್ನ ಆಯ್ಕೆಗೇ ಬಿಟ್ಟಿದ್ದರು. ನಾನು ಬಹುಕಾಲ ಪಾಠ ಹೇಳಿದ್ದು ಸಭೆಯ ಇತಿಹಾಸವನ್ನು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದಲ್ಲಿಂದ ಶುರುಮಾಡಿ ಒಂದು ಗಂಟೆ ಮಾತಾಡುವುದು ನನಗೆ ಕಷ್ಟವಾಗುತ್ತಿರಲಿಲ್ಲ. ಆದರೆ ನಿವೃತ್ತನಾದ ಮೇಲೆ ನನ್ನ ಮನೆಯ ಜಗಲಿಗೆ ಬಂದು ಕೂತವರು ಇತಿಹಾಸದ ಬಗ್ಗೆ ಕೇಳಿದ್ದು ಕಡಿಮೆ. ಹೆಚ್ಚಿನವರು ಒಂದು ಮಾತನ್ನು ತಡೆತಡೆದು ಹೇಳಿ ಹೋಗಿದ್ದಾರೆ: "ಸರ್, ಮೊದಲಿನ ಹಾಗೆ ಪ್ರಾರ್ಥನೆ ಮಾಡಲಿಕ್ಕೆ ಆಗುತ್ತಾ ಇಲ್ಲ. ನನ್ನ ವಿಶ್ವಾಸ ಹೋಯಿತಾ ಅಂತ ಹೆದರಿಕೆ." ಹೀಗೆ ಹೇಳಿದವರಲ್ಲಿ ಮೂವತ್ತೈದರ ತಾಯಿ ಇದ್ದಾಳೆ, ಐವತ್ತೈದರ ಬ್ಯಾಂಕ್ ನೌಕರರಿದ್ದಾರೆ, ಎಂಬತ್ತು ದಾಟಿದ ಸಭಾ ಹಿರಿಯರಿದ್ದಾರೆ. ಇವತ್ತಿನ ಮಾತು ಅವರಿಗೆ ನಾನು ಕೊಡಬೇಕೆಂದಿರುವ ಉತ್ತರ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ವಿಶ್ವಾಸ ಹೋಗಿಲ್ಲ. ನೀವು ಒಂದು ವಯಸ್ಸಿನಲ್ಲಿ ಕಲಿತ ಪ್ರಾರ್ಥನೆಯ ರೂಢಿ ಇನ್ನೊಂದು ವಯಸ್ಸಿಗೆ ಬಿಗಿಯಾಗಿದೆ, ಹತ್ತನೇ ವರ್ಷದ ಅಂಗಿ ಇಪ್ಪತ್ತಕ್ಕೆ ಬಿಗಿಯಾಗುವ ಹಾಗೆ. ರೂಢಿ ಬದಲಿಸಿಕೊಳ್ಳಲು ನಿಮಗೆ ಅಪ್ಪಣೆ ಉಂಟು. ಆ ಅಪ್ಪಣೆಯನ್ನು ಬಾಯಿಬಿಟ್ಟು ಕೊಡದೆ ಇರುವುದು ನಮ್ಮ ಸಭೆಗಳ ಲೋಪ.

ಮಾತಿನ ಎಲ್ಲೆಯನ್ನೂ ಹೇಳಬೇಕು. ಪ್ರಾರ್ಥನೆಗೆ ದೇವರು ಹೇಗೆ ಉತ್ತರ ಕೊಡುತ್ತಾನೆ ಎಂಬ ದೊಡ್ಡ ಪ್ರಶ್ನೆಯನ್ನು ನಾನು ಇವತ್ತು ಎತ್ತುವುದಿಲ್ಲ. ಬಾಯಿಪಾಠದ ಬಾಲ್ಯ, ದುಡಿಮೆಯ ನಡುವಯಸ್ಸು, ಬರಗಾಲ, ಮರೆವಿನ ಮುಪ್ಪು ಎಂಬ ನಾಲ್ಕು ಘಟ್ಟಗಳನ್ನು ತೆಗೆದುಕೊಂಡು, ನಮಗಿಂತ ಮುಂಚೆ ಅವುಗಳನ್ನು ದಾಟಿದವರು ಏನು ಮಾಡಿದರು ಎಂದು ನೋಡುತ್ತೇನೆ.

ಮೊದಲನೆಯದು ಬಾಲ್ಯ. ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ. ಲಾಟೀನಿನ ಬೆಳಕಿನಲ್ಲಿ ಅಪ್ಪ ಒಂದು ಅಧ್ಯಾಯ ಓದುತ್ತಿದ್ದರು, ಅಮ್ಮ ಸಂಗೀತ ಎತ್ತಿಕೊಡುತ್ತಿದ್ದರು, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಅದೇ ಹೊತ್ತಿಗೆ ಬೇಲಿಯಾಚೆಯ ಕೊಂಕಣಿ ಕಥೋಲಿಕರ ಮನೆಯಿಂದ ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆ ಕೇಳುತ್ತಿತ್ತು. ಹತ್ತತ್ತರ ಐದು ಸುತ್ತು, ಐವತ್ತು ಸಲ ಅದೇ ನಮನ. ಆ ಮನೆಯ ಚಿಕ್ಕ ಮಗು ಮೂರನೆಯ ಸುತ್ತಿಗೆ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿರುತ್ತಿತ್ತು.

ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಾಯಿಪಾಠದ ಪ್ರಾರ್ಥನೆಯ ಬಗ್ಗೆ ಒಳಗೊಳಗೇ ಒಂದು ತಾತ್ಸಾರವಿದೆ. ಹೃದಯದಿಂದ ಬರಬೇಕು, ಸ್ವಂತ ಮಾತಿನಲ್ಲಿ ಬರಬೇಕು ಎನ್ನುತ್ತೇವೆ. ನಾನೂ ಅನೇಕ ವರ್ಷ ಹಾಗೇ ಕಲಿಸಿದೆ. ಈಗ ಅದನ್ನು ಅರ್ಧ ಸತ್ಯ ಎಂದು ತಿಳಿಯುತ್ತೇನೆ. ಆದಿ ಸಭೆಯ ಬಹು ಹಳೆಯ ಕೈಪಿಡಿ ದಿದಾಖೆ. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದರ ಹಸ್ತಪ್ರತಿ ಸಿಕ್ಕಿತು, 1883ರಲ್ಲಿ ಅಚ್ಚಾಯಿತು. ಅದರಲ್ಲಿ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂಬ ವಿಧಿ ಇದೆ. ಹೊಸ ಮಾತು ಹುಡುಕಿರಿ ಎಂದು ಅದು ಹೇಳುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಶಿಲುಬೆಯ ಮೇಲೆ ಯೇಸುಸ್ವಾಮಿ ಆಡಿದ ಮಾತುಗಳಲ್ಲಿ ಎರಡು ಕೀರ್ತನೆಗಳವು. ಕೈಬಿಟ್ಟೆಯಲ್ಲಾ ಎಂಬ ಕೂಗು 22ನೆಯ ಕೀರ್ತನೆಯದು, ಆತ್ಮವನ್ನು ಒಪ್ಪಿಸುವ ಮಾತು 31ನೆಯದು. ಪ್ರಾಣ ಹೋಗುವ ಹೊತ್ತಿನಲ್ಲಿ ಬಾಯಿಗೆ ಬಂದದ್ದು ತನ್ನ ಜನರ ಆರಾಧನೆಯಲ್ಲಿ ಕೇಳಿ ಬೆಳೆದ ಮಾತು. ಆತನಿಗಿಂತ ಹೃದಯದಿಂದ ಪ್ರಾರ್ಥಿಸಿದವರು ಯಾರಿದ್ದಾರೆ? ಬಾಯಿಪಾಠ ಮತ್ತು ಹೃದಯ ಎಂದು ನಾವು ಗೋಡೆ ಕಟ್ಟಿದ್ದೇವೆ, ಆ ಗೋಡೆ ಸುವಾರ್ತೆಯಲ್ಲಿ ಇಲ್ಲ. ಸಂಡೇ ಸ್ಕೂಲಿನಲ್ಲಿ ವಚನ ಕಂಠಪಾಠ ಮಾಡಿಸುವುದನ್ನು ಸ್ಪರ್ಧೆಯ ಬಹುಮಾನಕ್ಕಷ್ಟೇ ಉಳಿಸಿಕೊಂಡಿರುವ ಸಭೆಗಳು ಇದನ್ನು ಯೋಚಿಸಬೇಕು. ಮಗುವಿಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಅರ್ಥ ಆಮೇಲೆ ಬರುತ್ತದೆ. ಯಾವಾಗ ಬರುತ್ತದೆ ಎಂಬುದನ್ನು ಕೊನೆಯ ಘಟ್ಟದಲ್ಲಿ ಹೇಳುತ್ತೇನೆ.

ಯೌವನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾಂಪು, ರಿಟ್ರೀಟು, ಗಿಟಾರು, ರಾತ್ರಿ ಜಾಗರಣೆ ಎಂದು ಸಭೆಗಳು ಆ ವಯಸ್ಸಿಗೆ ಗಮನ ಕೊಟ್ಟಿವೆ, ಒಳ್ಳೆಯದೇ. ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಒಂದೇ ಮಾತು. ಯೇಸು ಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ 1551ರಲ್ಲಿ ಬರೆಸಿದ ಒಂದು ಪತ್ರದಲ್ಲಿ, ಓದುತ್ತಿರುವ ತರುಣರು ದೀರ್ಘ ಧ್ಯಾನಕ್ಕೆ ಕೂರಬೇಕಿಲ್ಲ ಎನ್ನುತ್ತಾರೆ. ನಡೆಯುವಾಗ, ನೋಡುವಾಗ, ಮಾತಾಡುವಾಗ, ಓದುವಾಗ ದೇವರ ಸಾನ್ನಿಧ್ಯವನ್ನು ಹುಡುಕಲಿ ಎಂಬುದು ಅವರ ಸಲಹೆ. ಪರೀಕ್ಷೆಯ ದಿನಗಳಲ್ಲಿ ಪ್ರಾರ್ಥನೆ ಕಡಿಮೆಯಾಯಿತೆಂದು ಕೊರಗುವವರು ಈ ಪತ್ರವನ್ನು ನೆನೆಯಿರಿ.

ಈಗ ಎರಡನೆಯ ಘಟ್ಟ, ದುಡಿಮೆಯ ನಡುವಯಸ್ಸು. ಸಭೆಗಳು ಅತ್ಯಂತ ಕಡಿಮೆ ಗಮನ ಕೊಟ್ಟಿರುವುದು ಈ ವಯಸ್ಸಿಗೆ. ಇವರಿಂದ ಕಾಣಿಕೆ ಬೇಕು, ಕಮಿಟಿಯ ಕೆಲಸ ಬೇಕು, ಹೊರೆಕಾಣಿಕೆಗೆ ಭತ್ತ, ಬಾಳೆಗೊನೆ ಬೇಕು. ಆದರೆ ಉಪವಾಸ ಪ್ರಾರ್ಥನೆಯನ್ನು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಇಡುತ್ತೇವೆ. ಆ ಹೊತ್ತಿಗೆ ಇವರು ಕಚೇರಿಯಲ್ಲಿ, ಅಂಗಡಿಯಲ್ಲಿ, ಬೀಡಿ ಕಟ್ಟುವ ಗೆರಸೆಯ ಮುಂದೆ ಇರುತ್ತಾರೆ. ಬರಲಾಗದವರು ಭಕ್ತಿ ಕಡಿಮೆಯವರು ಎಂಬ ಮಾತು ಯಾರೂ ಹೇಳದೆಯೇ ಹಬ್ಬುತ್ತದೆ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಕ್ಕೆ ಬರೆದ ನಿಯಮಾವಳಿಯನ್ನು ಜನ ಕಠಿಣವೆಂದು ಭಾವಿಸುತ್ತಾರೆ. ಹಗಲಲ್ಲಿ ಏಳು ಸಲ, ರಾತ್ರಿ ಒಂದು ಸಲ ಪ್ರಾರ್ಥನೆ, ವಾರದಲ್ಲಿ 150 ಕೀರ್ತನೆಗಳೂ ಮುಗಿಯಬೇಕು. ಆದರೆ ಅದನ್ನು ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಸಡಿಲಿಕೆಗಳು. ದೂರದ ಹೊಲದಲ್ಲಿ ದುಡಿಯುತ್ತಿರುವವನು ಮಂದಿರಕ್ಕೆ ಓಡಿ ಬರಬೇಕಿಲ್ಲ, ಕೆಲಸದ ಜಾಗದಲ್ಲೇ ಮೊಣಕಾಲೂರಿದರೆ ಸಾಕು. ಪ್ರಯಾಣದಲ್ಲಿರುವವನು ತನ್ನಿಂದಾದಷ್ಟು ಮಾಡಲಿ. ಮುದುಕರಿಗೂ ಮಕ್ಕಳಿಗೂ ನಿಯಮದ ಬಿಗಿ ಬೇಡ. ಪ್ರಾರ್ಥನೆ ಚಿಕ್ಕದಾಗಿರಲಿ, ಶುದ್ಧವಾಗಿರಲಿ. ಕೀರ್ತನೆಗಳನ್ನು ತಾನು ಹಂಚಿದ ಕ್ರಮ ಹಿಡಿಸದಿದ್ದರೆ ಬೇರೆ ಕ್ರಮ ಮಾಡಿಕೊಳ್ಳಬಹುದು ಎಂದು ನಿಯಮ ಬರೆದವರೇ ಬರೆಯುತ್ತಾರೆ. ಸುಮಾರು ಒಂದೂವರೆ ಸಾವಿರ ವರ್ಷ ಬಾಳಿದ ನಿಯಮವಿದು. ಬಾಳಿದ್ದರಲ್ಲಿ ಈ ಸಡಿಲಿಕೆಗಳ ಪಾಲು ದೊಡ್ಡದೆಂದು ನನ್ನ ತಿಳಿವಳಿಕೆ.

ಇನ್ನೊಬ್ಬರು ನಿಕೊಲಾ ಎರ್ಮಾನ್. ಲೊರೇನ್ ಸೀಮೆಯ ಬಡವರ ಮಗ, ಮೂವತ್ತು ವರ್ಷದ ಯುದ್ಧದಲ್ಲಿ ಸಿಪಾಯಿಯಾಗಿ ಕಾಲಿಗೆ ಗಾಯ ಮಾಡಿಕೊಂಡವರು. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠ ಸೇರಿ ಬ್ರದರ್ ಲಾರೆನ್ಸ್ ಎನಿಸಿದರು. ವರ್ಷಗಟ್ಟಲೆ ಅಡುಗೆಮನೆಯ ಕೆಲಸ, ಕಾಲು ಸೋತ ಮೇಲೆ ಚಪ್ಪಲಿ ಹೊಲಿಯುವ ಕೆಲಸ. ಪಾತ್ರೆಗಳ ಸದ್ದಿನ ನಡುವೆ ನಾಲ್ಕು ಜನ ನಾಲ್ಕು ಕಡೆಯಿಂದ ಕೂಗುವಾಗಲೂ ಮೊಣಕಾಲೂರಿದ ಹೊತ್ತಿನ ಶಾಂತಿಯೇ ತನಗಿತ್ತೆಂದು ಅವರು ಹೇಳುತ್ತಿದ್ದರು. ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ಆ ಸ್ಥಿತಿಗೆ ಬರುವ ಮುಂಚೆ ಸುಮಾರು ಹತ್ತು ವರ್ಷ ಅವರು ಒಳಗೊಳಗೇ ನರಳಿದ್ದನ್ನು ಹೇಳುವವರು ಕಡಿಮೆ. ಅಡುಗೆಮನೆಯ ಪ್ರಾರ್ಥನೆ ಸುಲಭದ ದಾರಿಯೆಂದು ಯಾರೂ ತಿಳಿಯಬಾರದು.

ಬ್ರದರ್ ಲಾರೆನ್ಸ್ ಅವರ ಹೆಸರನ್ನೂ ಕೇಳದೆಯೇ ಅವರ ದಾರಿಯಲ್ಲೇ ನಡೆಯುತ್ತಿರುವ ಒಬ್ಬರು ನನಗೆ ಗೊತ್ತು. ನಮ್ಮ ಕರಾವಳಿಯ ಮನೆಗಳಿಂದ ನರ್ಸಿಂಗ್ ಕೆಲಸಕ್ಕೆ ಹೋದ ಅನೇಕ ಹೆಣ್ಣುಮಕ್ಕಳಲ್ಲಿ ಅವರೊಬ್ಬರು. ರಾತ್ರಿ ಪಾಳಿ, ಹದಿನೆಂಟು ಹಾಸಿಗೆಯ ವಾರ್ಡು. ಭಾನುವಾರದ ಆರಾಧನೆಗೆ ಬರುವುದು ತಿಂಗಳಿಗೊಮ್ಮೆ. "ನಾನು ಡ್ರಿಪ್ ನೋಡಲಿಕ್ಕೆ ಒಂದೊಂದು ಹಾಸಿಗೆಯ ಹತ್ತಿರ ನಿಲ್ಲುತ್ತೇನಲ್ಲ ಮಾಸ್ಟ್ರೇ, ಆಗ ಹನಿ ಲೆಕ್ಕ ಮಾಡುತ್ತಾ ಆ ರೋಗಿಯ ಹೆಸರನ್ನು ದೇವರಿಗೆ ಹೇಳುತ್ತೇನೆ. ಇದು ಪ್ರಾರ್ಥನೆಯ ಲೆಕ್ಕಕ್ಕೆ ಬರುತ್ತದಾ?" ಎಂದು ಕೇಳಿದರು. ರಾತ್ರಿಯ ಪ್ರಾರ್ಥನೆಯ ಹೊತ್ತು ಮಠಗಳಲ್ಲಿ ಯಾವುದೋ ಅದೇ ಹೊತ್ತಿನಲ್ಲಿ, ಹದಿನೆಂಟು ಜನರಿಗಾಗಿ ಎದ್ದಿರುವ ಹೆಂಗಸು ಹಾಗೆ ಕೇಳಬೇಕಾಗಿ ಬಂತಲ್ಲ ಎಂದು ನನಗೆ ನೋವಾಯಿತು. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು ಕರ್ತನು ಹೇಳಿದ್ದು ನಿಜ. ಎರಡೇ ಕೋಣೆಯ ಮನೆಯಲ್ಲಿ ಆರು ಜನ ಇರುವವರಿಗೆ ಬಸ್ಸಿನ ಕಿಟಕಿಯ ಸೀಟೇ ಆ ಕೋಣೆ.

ಇನ್ನು ಮೂರನೆಯ ಘಟ್ಟ, ಬರಗಾಲ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನನ್ನ ಜಗಲಿಗೆ ಬಂದವರಲ್ಲಿ ಹೆಚ್ಚಿನವರ ಕಷ್ಟ ಇದು. ಸಮಯವಿದೆ, ಆರೋಗ್ಯವಿದೆ, ಕೂರುತ್ತಾರೆ, ಏನೂ ಬರುವುದಿಲ್ಲ.

ಸ್ಪೇನಿನ ಆವಿಲಾ ಪಟ್ಟಣದ ತೆರೇಸಾ 1515ರಲ್ಲಿ ಹುಟ್ಟಿದವರು. 1535ರಲ್ಲಿ ಮಠ ಸೇರಿದರು. ಸ್ವಲ್ಪ ಕಾಲದಲ್ಲೇ ಕಾಯಿಲೆ ಬಿದ್ದು ಸುಮಾರು ಮೂರು ವರ್ಷ ಕೈಕಾಲು ಸ್ವಾಧೀನವಿಲ್ಲದೆ ಮಲಗಿದ್ದರು. ಆಮೇಲೆ ಒಂದು ವರ್ಷಕ್ಕೂ ಮಿಕ್ಕಿ ಮೌನಪ್ರಾರ್ಥನೆಯನ್ನು ಪೂರ್ತಿ ಬಿಟ್ಟರು. ತಿರುಗಿ ಹಿಡಿದ ಮೇಲೂ, ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೆ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದೆ ಎಂದು ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಹದಿನೆಂಟು ವರ್ಷ ಕೈಯಲ್ಲಿ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರಲು ಅವರಿಗೆ ಧೈರ್ಯ ಬರುತ್ತಿರಲಿಲ್ಲ. 1970ರಲ್ಲಿ ಕಥೋಲಿಕ ಧರ್ಮಸಭೆ ಇದೇ ಹೆಂಗಸನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರು.

ಅದೇ ಆತ್ಮಕಥೆಯಲ್ಲಿ ತೋಟಕ್ಕೆ ನೀರು ಹಾಯಿಸುವ ಹೋಲಿಕೆಯೊಂದಿದೆ. ಅದನ್ನು ಓದುವಾಗ ನನಗೆ ಸ್ಪೇನ್ ಕಾಣಲಿಲ್ಲ, ನಮ್ಮ ಅಜ್ಜನ ಅಡಿಕೆ ತೋಟ ಕಂಡಿತು. ನೀರು ಹಾಯಿಸಲು ನಾಲ್ಕು ದಾರಿ ಎನ್ನುತ್ತಾರೆ ತೆರೇಸಾ. ಬಾವಿಯಿಂದ ಕೊಡದಲ್ಲಿ ಸೇದಿ ಹೊಯ್ಯುವುದು ಮೊದಲನೆಯದು, ರಟ್ಟೆ ಸೋಲುವ ಕೆಲಸ. ಗಾಲಿ ತಿರುಗಿಸಿ ನೀರೆತ್ತಿ ಕಾಲುವೆಗೆ ಬಿಡುವುದು ಎರಡನೆಯದು, ಶ್ರಮ ಕಡಿಮೆ, ನೀರು ಹೆಚ್ಚು. ಹೊಳೆಯ ನೀರನ್ನೇ ತೋಟಕ್ಕೆ ತಿರುಗಿಸಿಕೊಳ್ಳುವುದು ಮೂರನೆಯದು, ಮಣ್ಣು ಆಳಕ್ಕೆ ನೆನೆಯುತ್ತದೆ. ನಾಲ್ಕನೆಯದು ಮಳೆ, ತೋಟದವನಿಗೆ ಕೆಲಸವೇ ಇಲ್ಲ. ನಮ್ಮ ಅಜ್ಜನೂ ಈ ನಾಲ್ಕನ್ನೂ ಮಾಡಿದವರು. ಬಾವಿಗೆ ರಾಟೆ, ಕೆರೆಗೆ ಏತ, ತೋಡಿಗೆ ಕಟ್ಟ ಕಟ್ಟಿ ಅಡಿಕೆ ದಂಬೆಯಲ್ಲಿ ಹರಿಸಿದ ನೀರು, ಜೂನ್ ಬಂದರೆ ಮಳೆ. ಬೇಸಿಗೆಯಲ್ಲಿ ರಾಟೆ ಎಳೆದವರೂ ಮಳೆಗಾಲದಲ್ಲಿ ಕಂಬಳಿ ಹೊದ್ದು ಕೂತವರೂ ಅವರೇ. ರಾಟೆ ಎಳೆದ ಕಾಲದಲ್ಲಿ ಅವರು ಕೆಟ್ಟ ತೋಟಗಾರರಾಗಿರಲಿಲ್ಲ.

ತೆರೇಸಾ ಇನ್ನೊಂದು ಮಾತು ಸೇರಿಸುತ್ತಾರೆ, ನನಗೆ ಅದೇ ಮುಖ್ಯ. ಕೊಡ ಇಳಿಸುತ್ತೀರಿ, ಬರಿದಾಗಿ ಮೇಲೆ ಬರುತ್ತದೆ. ಮತ್ತೆ ಇಳಿಸುತ್ತೀರಿ, ಮತ್ತೆ ಬರಿದು. ಆಗ ತೋಟದವನು ಏನು ಮಾಡಬೇಕು? ತೋಟ ಯಜಮಾನನದು, ಅವನಿಗೆ ಸಂತೋಷವಾಗಲಿ ಎಂದು ಕೆಲಸ ಮುಂದುವರಿಸಬೇಕು. ಬಾವಿಯ ತನಕ ನಡೆದದ್ದನ್ನೂ ಹಗ್ಗ ಬಿಟ್ಟದ್ದನ್ನೂ ಯಜಮಾನ ನೋಡಿದ್ದಾನೆ. ನೀರಿಲ್ಲದೆಯೂ ಗಿಡಗಳನ್ನು ಉಳಿಸುವುದು ಅವನಿಗೆ ಗೊತ್ತು.

ತೆರೇಸಾರ ಒಡನಾಡಿ ಶಿಲುಬೆಯ ಯೋಹಾನರನ್ನು 1577ರ ಡಿಸೆಂಬರಿನಲ್ಲಿ ಅವರ ಸಭೆಯವರೇ ಹಿಡಿದು ತೊಲೆದೊ ಪಟ್ಟಣದ ಮಠದಲ್ಲಿ ಕೂಡಿಹಾಕಿದರು. ಎಂಟು ತಿಂಗಳಿಗೂ ಮಿಕ್ಕಿ ಒಂದು ಇಕ್ಕಟ್ಟಿನ ಕತ್ತಲೆ ಕೋಣೆ. ಬರಗಾಲದ ಬಗ್ಗೆ ಅವರು ಬರೆದದ್ದು ಆ ಕತ್ತಲೆಯನ್ನು ಕಂಡವರು ಬರೆದದ್ದು. ದೇವರೇ ತರುವ ಒಣಗುವಿಕೆಯನ್ನು ಗುರುತಿಸಲು ಅವರು ಮೂರು ಲಕ್ಷಣ ಕೊಡುತ್ತಾರೆ. ದೇವರ ವಿಷಯದಲ್ಲಾಗಲಿ ಲೋಕದ ವಿಷಯದಲ್ಲಾಗಲಿ ರುಚಿ ಇರುವುದಿಲ್ಲ. ಮುಂಚಿನಂತೆ ಕಲ್ಪಿಸಿಕೊಂಡು ಧ್ಯಾನಿಸಲು ಆಗುವುದಿಲ್ಲ. ಮೂರನೆಯದು, ನಾನು ದೇವರಿಗೆ ದೂರವಾದೆನೇ ಎಂಬ ಕಳವಳ ಬಿಡದೆ ಕಾಡುತ್ತದೆ. "ನನ್ನ ವಿಶ್ವಾಸ ಹೋಯಿತಾ" ಎಂದು ಹೆದರಿ ಬಂದವರಿಗೆ ನಾನು ತೋರಿಸುವುದು ಈ ಮೂರನೆಯದನ್ನು. ದೇವರನ್ನು ನಿಜವಾಗಿ ಬಿಟ್ಟವರು ಹೆದರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹದಿನಾರನೆಯ ಶತಮಾನದಲ್ಲೇ ಯೋಹಾನರು ಈ ಒಣಗುವಿಕೆಯನ್ನೂ ಮನಸ್ಸಿನ ಕಾಯಿಲೆಯನ್ನೂ ಬೇರೆಬೇರೆಯಾಗಿ ನೋಡಬೇಕೆಂದು ಬರೆದರು. ಎರಡೂ ಒಟ್ಟಿಗೆ ಇರಬಹುದೆಂದೂ ಹೇಳಿದರು. ನಮ್ಮಲ್ಲಿ ಖಿನ್ನತೆಯಿಂದ ನಿದ್ದೆ, ಊಟ ಬಿಟ್ಟವರನ್ನು "ಇನ್ನಷ್ಟು ಪ್ರಾರ್ಥನೆ ಮಾಡಿ" ಎಂದು ಕಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ತಪ್ಪು. ಅಂಥವರನ್ನು ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಜೊತೆಯಲ್ಲೇ ಕೂತು ಅವರ ಪರವಾಗಿ ನೀವು ಪ್ರಾರ್ಥಿಸಿ.

ಬರಗಾಲದಲ್ಲಿರುವವರಿಗೆ ಸಭೆ ಮಾಡಬಹುದಾದ ಇನ್ನೊಂದು ಉಪಕಾರವಿದೆ. ಭಾನುವಾರದ ಆರಾಧನೆಗಾಗಿ ನಾವು ಆರಿಸುವ ಕೀರ್ತನೆಗಳನ್ನು ಗಮನಿಸಿ. 23, 100, 103, 121, ಎಲ್ಲವೂ ಭರವಸೆಯವು, ಸ್ತುತಿಯವು. 88ನೆಯದನ್ನು ನೀವು ಎಷ್ಟು ಸಲ ಕೇಳಿದ್ದೀರಿ? ದುಃಖದಲ್ಲಿ ಶುರುವಾಗಿ ಕತ್ತಲೆ ಎಂಬ ಮಾತಿನಲ್ಲೇ ನಿಲ್ಲುವ ಕೀರ್ತನೆ ಅದು, ಕೊನೆಗೆ ಬೆಳಕು ಬರುವುದಿಲ್ಲ. ಅದನ್ನು ಪವಿತ್ರಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ವರ್ಷಕ್ಕೊಮ್ಮೆಯಾದರೂ ಅದನ್ನು ಸಭೆಯ ನಡುವೆ ಗಟ್ಟಿಯಾಗಿ ಓದಿದರೆ, ಹಿಂದಿನ ಬೆಂಚಿನಲ್ಲಿ ಬಾಯಿಮುಚ್ಚಿ ಕೂತ ಒಬ್ಬರಿಗಾದರೂ ತನಗೂ ಇಲ್ಲಿ ಜಾಗವಿದೆಯೆಂದು ಗೊತ್ತಾಗುತ್ತದೆ.

ಕೊನೆಯ ಘಟ್ಟಕ್ಕೆ ಬರುತ್ತೇನೆ, ಮುಪ್ಪು. ಲೂಕನ ಸುವಾರ್ತೆಯಲ್ಲಿ ಮಗು ಯೇಸುವನ್ನು ದೇವಾಲಯಕ್ಕೆ ತಂದಾಗ ಎದುರುಗೊಂಡವರಲ್ಲಿ ಅನ್ನಳೆಂಬ ವಿಧವೆಯಿದ್ದಾಳೆ. 84ರ ಮುದುಕಿ, ಹಗಲಿರುಳೂ ಅಲ್ಲೇ ಪ್ರಾರ್ಥನೆ. ನಮ್ಮ ಸಭೆಗಳಲ್ಲಿ ಅನ್ನಳಿಗೆ ಏನು ಕೆಲಸವಿದೆ? ಮಂಚ ಹಿಡಿದವರಿಗೆ ತಿಂಗಳಿಗೊಮ್ಮೆ ಮನೆಯಲ್ಲಿ ಪ್ರಭುಭೋಜನ ಕೊಟ್ಟು ಬರುತ್ತೇವೆ, ಅದು ಒಳ್ಳೆಯದು. ಅವರಿಂದ ಪಡೆದುಕೊಳ್ಳಲು ಮಾತ್ರ ನಮಗೆ ಹೊಳೆಯುವುದಿಲ್ಲ. ಮನೆ ಬಿಟ್ಟು ಹೊರಡಲಾಗದ ಒಬ್ಬೊಬ್ಬ ಹಿರಿಯರಿಗೂ ವಾರಕ್ಕೆ ಐದು ಹೆಸರು ಬರೆದುಕೊಡಿ: ಪರೀಕ್ಷೆ ಬರೆಯುವವರು, ಆಸ್ಪತ್ರೆಯಲ್ಲಿರುವವರು, ದುಬೈಗೆ, ಕುವೈತಿಗೆ ಕೆಲಸಕ್ಕೆ ಹೋದವರು. 2020ರಲ್ಲಿ ಕೊರೊನಾ ಬಂದು ದೇವಾಲಯಗಳ ಬಾಗಿಲು ಮುಚ್ಚಿದಾಗ ಫೋನಿನ ಮೂಲಕ ಈ ಕೆಲಸವನ್ನು ಕೆಲವರು ಮಾಡಿದರು. ಬಾಗಿಲು ತೆರೆದ ಮೇಲೆ ಕೈಬಿಟ್ಟೆವು. ಮತ್ತೆ ಹಿಡಿಯಬೇಕು.

ಮರೆವು ಬಂದವರ ವಿಷಯ ಬೇರೆ. ನನ್ನ ತಾಯಿ ಕೊನೆಯ ಮೂರು ವರ್ಷ ನೆನಪು ಕಳೆದುಕೊಂಡಿದ್ದರು. ಮೊದಲು ಮೊಮ್ಮಕ್ಕಳ ಹೆಸರು ಹೋಯಿತು, ಆಮೇಲೆ ನನ್ನದು. ಭೇಟಿಗೆ ಬಂದ ಸಭೆಯವರು ಮಂಚದ ಸುತ್ತ ನಿಂತು ಹೃದಯತುಂಬಿ, ಸ್ವಂತ ಮಾತಿನಲ್ಲಿ ದೀರ್ಘವಾಗಿ ಪ್ರಾರ್ಥಿಸುತ್ತಿದ್ದರು. ಅಮ್ಮ ಗೋಡೆ ನೋಡುತ್ತಿದ್ದರು. ಅವರಲ್ಲಿ ಒಬ್ಬರ ಮಾತನ್ನೂ ಅಮ್ಮನಿಗೆ ಹಿಡಿಯಲು ಆಗುತ್ತಿರಲಿಲ್ಲ, ಎಲ್ಲವೂ ಹೊಸದು. ಒಂದು ಸಂಜೆ ನಾನು ಬೇರೇನೂ ತೋಚದೆ, ಲಾಟೀನಿನ ಕಾಲದಲ್ಲಿ ಹೇಳುತ್ತಿದ್ದ ಹಾಗೆ ಕರ್ತನ ಪ್ರಾರ್ಥನೆ ಶುರುಮಾಡಿದೆ. ಎರಡನೆಯ ಸಾಲಿಗೆ ಅಮ್ಮನ ತುಟಿ ಅಲುಗಿತು. ದಿನದ ಆಹಾರವನ್ನು ಕೇಳುವಲ್ಲಿಗೆ ಬಂದಾಗ ಧ್ವನಿ ಕೇಳಿಸಿತು. ಕೊನೆಯ ಆಮೆನ್ ನಾನು ಹೇಳುವ ಮುಂಚೆ ಅವರೇ ಹೇಳಿದರು. ಆ ವಾರ ಅವರ ಬಾಯಿಂದ ಬಂದ ಪೂರ್ತಿ ಮಾತು ಅದೊಂದೇ.

ಬಾಲ್ಯದಲ್ಲಿ ಕಲಿತದ್ದರ ಅರ್ಥ ಯಾವಾಗ ಬರುತ್ತದೆ ಎಂದು ಹೇಳುವುದಾಗಿ ಮಾತು ಕೊಟ್ಟಿದ್ದೆ. ನನಗೆ ಬಂದದ್ದು ಆ ಸಂಜೆ. ಅಮ್ಮನಿಗೆ ಅದನ್ನು ಕಲಿಸಿದವರು ಅವರ ತಾಯಿ, ಮುಲ್ಕಿಯ ಹತ್ತಿರದ ಒಂದು ಹುಲ್ಲುಮಾಡಿನ ಮನೆಯಲ್ಲಿ. ಓದು ಬರಹ ಬಾರದ ಹೆಂಗಸು ಅವರು.

ಸಭಾಪಾಲಕರಾಗಲಿರುವ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಮೊದಲ ಸಭೆಗೆ ಹೋದಾಗ ಶುಕ್ರವಾರದ ಪ್ರಾರ್ಥನೆಗೆ ಬರುವವರನ್ನು ಎಣಿಸುವ ಮುಂಚೆ, ಬರಲಾಗದವರು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆಂದು ವಿಚಾರಿಸಿ, ಅಲ್ಲಿಗೆ ಹೋಗಿ ಬನ್ನಿ. ಒಣಗಿ ಬಂದವರಿಗೆ ಉಪದೇಶ ಮಾಡದೆ ಜೊತೆಯಲ್ಲಿ ಕೂರಿ. ಮರೆವಿನ ಹಿರಿಯರ ಮಂಚದ ಬಳಿ ನಿಂತಾಗ ನಿಮ್ಮ ಪ್ರಾರ್ಥನೆಯನ್ನು ಬದಿಗಿಟ್ಟು, ಅವರಿಗೆ ಗೊತ್ತಿರುವುದನ್ನು ನಿಧಾನವಾಗಿ ಶುರುಮಾಡಿ. ಮೊದಲ ಸಾಲಿಗೆ ಅವರು ಸೇರಿಕೊಳ್ಳದಿದ್ದರೆ ಅವಸರ ಮಾಡಬೇಡಿ, ಕಾಯಿರಿ.